ತಾತ್ಯಾಸಾಹೇಬರ ಕೆಂಪು ಬಾಣ

ಕಾಗವಾಡದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಯ ಗದ್ದಲದಲ್ಲಿ ಮೂವತ್ತು ವರ್ಷ ಕಳೆದವನಾದ್ದರಿಂದ ನನ್ನ ದನಿ ಸ್ವಲ್ಪ ಜೋರು. ಸಿಟ್ಟೂ ಅಷ್ಟೇ ಜೋರು ಎಂದು ಮನೆಯವರು ಹೇಳುತ್ತಾರೆ. ಆ ಸಿಟ್ಟಿನ ದೊಡ್ಡ ಪಾಲು ಸಂದದ್ದು ಪಕ್ಕದ ಅಂಗಡಿಯ ತಾತ್ಯಾಸಾಹೇಬ ಮಗದುಮ್ಮರಿಗೆ. ಅವರು ಒಂದು ದಿನವೂ ತಿರುಗಿ ಬೈದವರಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, "ಆತೇನೋ ಮಾದೇವ? ಮುಗದಿದ್ರ ಚಾ ಕುಡಿಯೂಣು ಬಾ" ಎನ್ನುತ್ತಾರೆ. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ ಹೇಳಿ!

ತಾತ್ಯಾ ಸುಟ್ಟ ಪಂಪಿನ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವವರು. ಸುತ್ತಲಿನ ಕಬ್ಬಿನ ಹೊಲ, ದ್ರಾಕ್ಷಿ ತೋಟಗಳಲ್ಲಿ ಮೋಟರ್ ಸುಟ್ಟರೆ ರೈತರು ಮೊದಲು ಬರುವುದು ಅವರಲ್ಲಿಗೆ. ನಲವತ್ತು ವರ್ಷ ತಾಮ್ರದ ತಂತಿ ಎಳೆದೆಳೆದು ಬೆರಳುಗಳ ಮೇಲೆ ಗೆರೆ ಬಿದ್ದಿವೆ. ಅಂಗಿಗೆ ಯಾವಾಗಲೂ ವಾರ್ನಿಶಿನ ವಾಸನೆ. ಅವರ ಕೆಲಸಕ್ಕೊಂದು ಕಟ್ಟಳೆ ಇದೆ. ಮೋಟರ್ ಕಟ್ಟಿ ಮುಗಿಸಿ, ಕರೆಂಟು ಕೊಡುವ ಮೊದಲು, ಅದು ಯಾವ ಕಡೆ ತಿರುಗಬೇಕೋ ಆ ಕಡೆಗೆ ಅದರ ಮೈಮೇಲೆ ಒಂದು ಕೆಂಪು ಬಾಣ ಬರೆಯುತ್ತಾರೆ. ಆಮೇಲೆಯೇ ಸ್ವಿಚ್ಚು. ಮೋಟರ್ ಬಾಣಕ್ಕೆ ಎದುರಾಗಿ ತಿರುಗಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡುತ್ತಾರೆ. ಅದು ತೆಪ್ಪಗೆ ದಾರಿಗೆ ಬರುತ್ತದೆ. "ಬಾಣ ತಪ್ಪಂಗಿಲ್ಲೋ ಮಾದೇವ, ತಪ್ಪಿದ್ರ ತಂತಿ ತಪ್ಪಿರತೈತಿ" ಎನ್ನುವುದು ಅವರ ಮಾತು. ನನ್ನ ಗಿರಣಿಯ ಮೋಟರಿನ ಮೇಲೂ ಅವರ ಬಾಣ ಇದೆ. ನಾನು ದಿನಾ ಬೆಳಿಗ್ಗೆ ಅದಕ್ಕೂ ಒಂದು ಊದುಬತ್ತಿ ಬೆಳಗುತ್ತೇನೆ.

ಅವರ ಮನೆ ಶೇಡಬಾಳದ ಆಚೆ ತೋಟದಲ್ಲಿದೆ, ಅಂಗಡಿಯಿಂದ ಏಳೆಂಟು ಕಿಲೋಮೀಟರು. ಓಡಾಟವೆಲ್ಲ ಒಂದು ಹಳೇ ಕರಿ ಸೈಕಲ್ ಮೇಲೆ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸೂರ್ಯ ಇಳಿಯುವುದರೊಳಗೆ ಮನೆ ಮುಟ್ಟಿದರೆ ರೊಟ್ಟಿ, ಇಲ್ಲವಾದರೆ ಮರುದಿನದ ತನಕ ಖಾಲಿ ಹೊಟ್ಟೆ. ತಾತ್ಯಾರಿಗೆ ಅದೇನೂ ಕಷ್ಟವಲ್ಲ. ಕಷ್ಟವಿದ್ದದ್ದು ಅವರ ಹೆಂಡತಿ ತಾರಾಬಾಯಿಯವರಿಗೆ. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ನನಗೂ ಅವರು ವೈನಿಯೇ. ಮದುವೆಯಾಗಿ ಮೂವತ್ತೆಂಟು ವರ್ಷ, ಗಂಡ ಬರದೆ ಅವರು ಸಂಜೆಯ ತುತ್ತು ಮುಟ್ಟಿದವರಲ್ಲ. ಇವರು ತಡ ಮಾಡಿದರೆ ಅಲ್ಲಿ ಅವರಿಗೂ ಉಪವಾಸ.

ಮೊದಲು ಇದು ನಡೆಯುತ್ತಿತ್ತು. ತಾತ್ಯಾ ಐದೂ ಕಾಲಿಗೆ ಶಟರ್ ಎಳೆದು, ಅರ್ಧ ತಾಸಿನಲ್ಲಿ ಮನೆ ಮುಟ್ಟುತ್ತಿದ್ದರು. ಆದರೆ ಈಗ ಅವರಿಗೆ ಅರವತ್ತನಾಲ್ಕು. ಬಲ ಮೊಣಕಾಲು ಕೈಕೊಟ್ಟು ಎರಡು ವರ್ಷವಾಯಿತು. ಅರ್ಧ ತಾಸಿನ ದಾರಿ ಒಂದು ತಾಸಾಯಿತು. ಹಾಳಾದ ಮೋಟರುಗಳು ಬರುವುದೋ ಸಂಜೆಯ ಹೊತ್ತಿಗೆ. ಹಗಲಿನಲ್ಲಿ ಸುಟ್ಟದ್ದನ್ನು ಬಾವಿಯಿಂದ ಎತ್ತಿ, ಟ್ರಾಲಿಗೆ ಹಾಕಿ ತರುವಷ್ಟರಲ್ಲಿ ನಾಲ್ಕು ಹೊಡೆದಿರುತ್ತದೆ. "ಬೆಳಿ ಒಣಗಾಕತ್ತೈತ್ರಿ ತಾತ್ಯಾ, ಇಷ್ಟ ಒಂದ ನೋಡಿ ಹೋಗ್ರಿ" ಎಂದು ಒಬ್ಬ ಕೈಮುಗಿದರೆ ಸಾಕು, ಇವರು ಮತ್ತೆ ಕೂತುಬಿಡುತ್ತಿದ್ದರು. ನಾಲ್ಕು ಗಂಟೆಯ ಬಸ್ಸು ಬಿಟ್ಟರೆ ಆಮೇಲೆ ಏಳಕ್ಕೇ. ಹೋದ ಚಳಿಗಾಲದಲ್ಲಿ ವಾರಕ್ಕೆ ಮೂರು ದಿನ ಗಂಡ ಹೆಂಡತಿ ಇಬ್ಬರೂ ಉಪವಾಸ ಮಲಗಿದ್ದಾರೆ.

ಅಷ್ಟರಲ್ಲಿ ವೈನಿಯವರಿಗೆ ಸಕ್ಕರೆ ಕಾಯಿಲೆ ಬಂತು. ಐದು ಗಂಟೆಗೆ ಗುಳಿಗೆ, ಬೆನ್ನಿಗೇ ಊಟ, ಒಂದು ಹೊತ್ತೂ ತಪ್ಪಿಸಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ವೈನಿ ತಲೆ ಅಲ್ಲಾಡಿಸಿ ಬಂದರು, ಮಾಡಿದ್ದು ಮಾತ್ರ ತಮ್ಮದೇ. ದೀಪಾವಳಿ ಮುಗಿದ ಮರುವಾರ, ಗಂಡನ ದಾರಿ ನೋಡುತ್ತ ಕೂತವರು ಕಟ್ಟೆಯ ಮೇಲೆಯೇ ತಲೆಸುತ್ತಿ ಬಿದ್ದರು. ಆಮೇಲಿಂದ ತಾತ್ಯಾ ಫೋನಿನಲ್ಲಿ ಸುಳ್ಳು ಹೇಳಲು ಕಲಿತರು. ಪಾಪ, ಆ ವಿದ್ಯೆ ಅವರಿಗೆ ಹತ್ತಲಿಲ್ಲ.

"ನಾ ಇಲ್ಲೇ ಉಂಡೇನಿ. ನೀ ಉಂಡಬಿಡು."

"ಏನ ಉಂಡ್ರಿ?"

ಇವರು ಅತ್ತಿತ್ತ ನೋಡಿ, "ಬಾಳಿಹಣ್ಣ" ಎನ್ನುತ್ತಿದ್ದರು.

"ಬಾಳಿಹಣ್ಣ ಊಟ ಆಗತೈತೇನ್ರಿ? ಲಗೂನ ಬರ್ರಿ, ಕಾಯತೀನಿ" ಎಂದು ವೈನಿ ಆ ಕಡೆಯಿಂದ ಫೋನ್ ಇಡುತ್ತಿದ್ದರು.

ಇವರ ಮಗ ನಿತಿನ ಕೊಲ್ಹಾಪುರದ ಕಡೆ ಒಂದು ಕಾರ್ಖಾನೆಯಲ್ಲಿದ್ದಾನೆ. ಭಾನುವಾರ ಬರುತ್ತಾನೆ. ಸ್ಕೂಟರ್ ತಗೊಳ್ಳಿ ಎಂದು ಅವನು ಹೇಳಿ ಹೇಳಿ ಸೋತ. "ಸಂಜಿಮುಂದ ಗಾಡಿ ಮ್ಯಾಲೆ ಜೋರ ಹ್ವಾದ್ರ ಎಷ್ಟ ಹುಳ ಎದಿಗಿ ಬಡದ ಸಾಯತಾವು, ಗೊತ್ತೈತೇನು?" ಎಂದು ತಾತ್ಯಾ ಧರ್ಮದ ಮಾತು ತೆಗೆಯುತ್ತಿದ್ದರು. ಆ ಮಾತು ನಿಜವೇ. ಆದರೆ ಮೂವತ್ತು ವರ್ಷದ ಹಿಂದೆ ಯಾರದೋ ಮೊಪೆಡ್ ಕೇಳಿ ತಂದು, ಹಿಂದೆ ಮೋಟರ್ ಕಟ್ಟಿಕೊಂಡು ಹೋಗಿ ಕಾಲುವೆಗೆ ಬಿದ್ದದ್ದೂ ಅಷ್ಟೇ ನಿಜ. ಎತ್ತಿದವನು ನಾನೇ. ಆವತ್ತಿನಿಂದ ಅವರು ಇಂಜಿನ್ ಇರುವ ಎರಡು ಗಾಲಿಯ ಯಾವುದನ್ನೂ ಹತ್ತಿಲ್ಲ.

ಕಡೆಗೆ ನಿತಿನನೇ ಒಂದು ದಾರಿ ಹುಡುಕಿದ. ಡಿಸೆಂಬರಿನ ಒಂದು ಭಾನುವಾರ ರಟ್ಟಿನ ದೊಡ್ಡ ಖೋಕಾ ತಂದು ಅಪ್ಪನ ಮುಂದಿಟ್ಟ. ಒಳಗೆ ನಡುವಿನಲ್ಲಿ ಮೋಟರ್ ಕೂರಿಸಿದ ಒಂದು ಸೈಕಲ್ ಗಾಲಿ, ಬ್ಯಾಟರಿ, ತಂತಿಗಳ ಜಡೆ ಇಳಿಬಿಟ್ಟ ಒಂದು ಕಂಟ್ರೋಲರ್ ಡಬ್ಬಿ, ಹ್ಯಾಂಡಲ್ಲಿಗೆ ಹಾಕುವ ತಿರುಪು ಹಿಡಿಕೆ. ಹಳೇ ಸೈಕಲ್ಲಿನ ಮುಂದಿನ ಗಾಲಿ ತೆಗೆದು ಇದನ್ನು ಹಾಕಿದರೆ ತುಳಿಯುವ ಕಷ್ಟವೇ ಇಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಹುಳ ಸಾಯುವಷ್ಟು ಓಟವೂ ಇಲ್ಲ.

"ಮಿರಜದಾಗ ಇದನ್ನ ಹಚ್ಚಿಕೊಡಾವ್ರ ಅದಾರ ಪಪ್ಪಾ. ಅವರ ಕಡೆ ಹೋಗ್ರಿ" ಎಂದ ನಿತಿನ.

ತಾತ್ಯಾರ ಮುಖ ಕೆಂಪಾಯಿತು. "ನಲವತ್ತ ವರ್ಷದಾಗ ಎಷ್ಟ ಮೋಟರ್ ಕಟ್ಟೇನಿ ನಾನು? ಒಂದ ಗಾಲಿ ಹಚ್ಚಾಕ ಮಿರಜಕ್ಕ ಹೋಗಬೇಕೇನು?"

ಸೋಮವಾರ ಕೆಲಸ ಶುರುವಾಯಿತು. ಆ ದಿನಗಳಲ್ಲಿ ಅವರು ಬಸ್ಸಿಗೆ ಓಡಾಡಿದರು, ನಾಲ್ಕಕ್ಕೇ ಅಂಗಡಿ ಮುಚ್ಚಿದರು. ಮಧ್ಯಾಹ್ನ ಹಿಟ್ಟಿನ ಗಿರಾಕಿ ಕಡಿಮೆ, ಆದ್ದರಿಂದ ನಾನೂ ಜೊತೆಗೆ ಕೂತೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ಲಿನ ಮೇಲೆ ನಿಲ್ಲಿಸಿದೆವು. ಹೊಸ ಗಾಲಿಯ ಅಚ್ಚು ದಪ್ಪ, ಹಳೇ ಸೈಕಲ್ಲಿನಲ್ಲಿ ಗಾಲಿ ಹಿಡಿಯುವ ಚಿಮಟದ ಸಂದು ಸಣ್ಣದು. ಕಬ್ಬಿಣ ಸವೆಸುವ ಕಾನಸಿನಿಂದ ಉಜ್ಜಿ ಉಜ್ಜಿ ಅದನ್ನು ಅಗಲ ಮಾಡುವುದರಲ್ಲೇ ಒಂದು ದಿನ ಹೋಯಿತು. ಖೋಕಾದಲ್ಲಿ ಬಣ್ಣದ ಚಿತ್ರಗಳಿರುವ ಒಂದು ಕಾಗದ ಇತ್ತು. "ಇದನ್ನ ಒಮ್ಮಿ ನೋಡ್ರಿ" ಎಂದೆ. ಅವರು ಅದನ್ನು ಮಡಚಿ, ಅಲುಗಾಡುವ ಬೆಂಚಿನ ಕಾಲಿನ ಕೆಳಗೆ ಕೊಟ್ಟರು.

ಮಂಗಳವಾರ ಗಾಲಿ ಕೂತಿತು. ತಾತ್ಯಾ ಕೆಂಪು ಬಣ್ಣದ ಡಬ್ಬಿ ತೆಗೆದು, ಗಾಲಿಯ ನಡುವಿನ ಮೋಟರಿನ ಮೇಲೆ ಬಾಗಿದ ಒಂದು ಚೆಂದದ ಬಾಣ ಬರೆದರು. ಗಾಲಿಯ ಮೇಲಿನ ಅಂಚು ಮುಂದಕ್ಕೆ ಹೋಗಬೇಕು, ಬಾಣ ಅದನ್ನೇ ಹೇಳುತ್ತಿತ್ತು. ಆಮೇಲೆ ತಂತಿಗಳನ್ನು ಬಣ್ಣಕ್ಕೆ ಬಣ್ಣ ಜೋಡಿಸಿ, ಹಿಡಿಕೆ ತಿರುವಿದರು. ಗಾಲಿ ಜುಂಯ್ ಎಂದು ತಿರುಗಿತು, ಬಾಣಕ್ಕೆ ಎದುರಾಗಿ.

"ನೋಡಿದೇನು?" ಎಂದು ಅವರು ಖುಷಿಯಿಂದಲೇ ನಕ್ಕರು. "ಹೊಸಾ ಮಾಲು, ಆದ್ರ ಕಟ್ಟಿದಾವ ಉಲ್ಟಾ ಕಟ್ಟ್ಯಾನ."

ಮೂರು ದಪ್ಪ ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರು. ಪಂಪಿನ ಮೋಟರಾಗಿದ್ದರೆ ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಇದು ಜ್ವರ ಬಂದ ಎಮ್ಮೆಯ ಹಾಗೆ ಗಡಗಡ ನಡುಗಿ ನಿಂತಿತು. ತಾತ್ಯಾ ಸೋಲುವ ಆಸಾಮಿಯಲ್ಲ. ದಪ್ಪ ತಂತಿಗಳ ಜೊತೆಗೆ ಐದು ಸಣ್ಣ ತಂತಿಗಳಿದ್ದವು. ಬುಧವಾರ ಇಡೀ ದಿನ ಅವುಗಳ ಗುಟ್ಟು ಹುಡುಕಿದರು. ಒಂದು ಜೋಡಿ ಬದಲಿಸಿ, ಬರೆದಿಟ್ಟುಕೊಂಡು, ಇನ್ನೊಂದು ಜೋಡಿ ಬದಲಿಸಿ, ಕಡೆಗೆ ಗುರುವಾರ ಮಧ್ಯಾಹ್ನ ಗಾಲಿಯನ್ನು ಬಾಣದ ಕಡೆಗೆ ಸರಾಗ ತಿರುಗಿಸಿಯೇಬಿಟ್ಟರು. ಕಾಗದ ನೋಡದೆ, ಯಾರನ್ನೂ ಕೇಳದೆ ಇಷ್ಟು ಮಾಡಿದ ಆ ತಲೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆ ತಲೆ ಎಡವಿದ್ದು ಎಲ್ಲಿ ಎನ್ನುವುದು ಪಕ್ಕದಲ್ಲೇ ಕೂತಿದ್ದ ನನಗೂ ತಿಳಿಯಲಿಲ್ಲ.

ಅಂದು ನಾಲ್ಕು ಗಂಟೆಯ ಬಸ್ಸನ್ನು ತಾತ್ಯಾ ಬೇಕೆಂದೇ ಬಿಟ್ಟರು. ಹೆಂಡತಿಗೆ ಫೋನ್ ಮಾಡಿ, "ಐದೂವರಿಗೆ ಬಾಗಲದಾಗ ಇರತೀನಿ. ಸೈಕಲ್ ಮ್ಯಾಲೇ ಬರತೀನಿ, ನೋಡು" ಎಂದರು. ಐದಕ್ಕೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ರಸ್ತೆಗೆ ತಂದರು. ಮೋಟರ್ ಒಯ್ಯಲು ಬಂದಿದ್ದ ಮುರಗೆಪ್ಪನೂ ಇನ್ನೂ ನಾಲ್ವರು ರೈತರೂ ಸುತ್ತ ನಿಂತರು. ತಾತ್ಯಾ ಟೋಪಿ ಸರಿಮಾಡಿಕೊಂಡು, ಸೀಟಿನ ಮೇಲೆ ಕೂತು, ಹಿಡಿಕೆ ತಿರುವಿದರು.

ಸೈಕಲ್ ಹಿಂದಕ್ಕೆ ಹೊರಟಿತು.

ಮೊದಲು ನಿಧಾನ, ಆಮೇಲೆ ಜೋರು. ಅವರು ಗಾಬರಿಯಲ್ಲಿ ಹಿಡಿಕೆಯನ್ನು ಇನ್ನೂ ಗಟ್ಟಿ ಹಿಡಿದರು, ಹಿಡಿದಷ್ಟೂ ಅದು ಓಡಿತು. ಶೇಡಬಾಳದ ಕಡೆ ಮುಖ ಮಾಡಿದ್ದ ತಾತ್ಯಾಸಾಹೇಬರು ಬೆನ್ನು ಮುಂದಾಗಿ ಬಂದು ನನ್ನ ಗಿರಣಿಯ ಜೋಳದ ಚೀಲಗಳ ಮೇಲೆ ಕೂತರು. ಪೆಟ್ಟೇನೂ ಆಗಲಿಲ್ಲ. ಮುರಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ತಾತ್ಯಾ ನೋಡಿದ್ದು ನಮ್ಮನ್ನಲ್ಲ, ಕೆಳಗಿಳಿಯುತ್ತಿದ್ದ ಸೂರ್ಯನನ್ನು. ನನ್ನ ನಗು ಅಲ್ಲೇ ನಿಂತಿತು.

ಸೈಕಲ್ಲನ್ನು ಮತ್ತೆ ತಲೆಕೆಳಗು ಮಾಡಿ ನೋಡಿದರೆ ಗಾಲಿ ಬಾಣದ ಕಡೆಗೇ ತಿರುಗುತ್ತಿತ್ತು! ಅವರು ಪುನಃ ತಂತಿ ಬಿಚ್ಚಲು ಕೂತರು. ಐದೂವರೆ ದಾಟಿದಾಗ ನನಗೆ ತಡೆಯಲಾಗಲಿಲ್ಲ. "ತಂತಿ ಸುಟ್ಟಹೋಗ್ಲಿ, ಏಳ್ರಿ ಮೊದಲ! ವೈನಿ ಕುಂತಿರತಾರ" ಎಂದು ಕೂಗಿ, ನನ್ನ ಮೋಟರ್ ಸೈಕಲ್ ತೆಗೆದೆ. ಮೂವತ್ತು ವರ್ಷ ಹತ್ತದವರು ಟೋಪಿ ಬಿಗಿಮಾಡಿಕೊಂಡು ಹತ್ತಿಬಿಟ್ಟರು. ದಾರಿಯುದ್ದಕ್ಕೂ ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.

ಕಬ್ಬಿನ ಹಂಗಾಮು. ರಸ್ತೆ ತುಂಬ ಟ್ರಾಲಿಗಳು. ಅವನ್ನೆಲ್ಲ ಹಿಂದೆ ಹಾಕಿ ಬಂದರೆ ರೈಲ್ವೆ ಗೇಟು ಬಿದ್ದಿತ್ತು. ನಾನು ಗೇಟಿಗೂ ಬೈದೆ, ಬರದ ರೈಲಿಗೂ ಬೈದೆ. ತಾತ್ಯಾ ಕಣ್ಣು ತೆರೆದು ಪಡುವಣ ನೋಡಿ, "ಮುಳಗಿತೋ ಮಾದೇವ" ಎಂದರು. ಅಷ್ಟು ಸಣ್ಣ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

ಮನೆಯ ಕಟ್ಟೆಯ ಮೇಲೆ ಎರಡು ತಾಟು ಮುಚ್ಚಿಟ್ಟುಕೊಂಡು ವೈನಿ ಗೋಡೆಗೆ ಒರಗಿದ್ದರು. ನಮ್ಮನ್ನು ಕಂಡು ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು. ತುಟಿ ಬಿಳಿಚಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ವೈನಿ, ಏನ ನಿಮ್ಮ ಹಠ? ಯಾವ ಕಾಲದಾಗ ಅದೀರಿ? ಗಂಡ ಬರೂ ತನಕ ಹೆಂಡತಿ ಉಣಬಾರ್ದು ಅಂತ ಯಾವ ಶಾಸ್ತ್ರದಾಗ ಐತ್ರಿ?"

ವೈನಿ ಸಿಟ್ಟಾಗಲಿಲ್ಲ. "ಶಾಸ್ತ್ರ ಅಲ್ರಿ ಮಾದೇವಣ್ಣ. ಮದುವ್ಯಾದ ಹೊಸದಾಗ ನಾ ಹೊತ್ತಿಗೆ ಸರಿಯಾಗಿ ಉಂಡು ಕುಂದ್ರತಿದ್ನಿ. ಇವರು ಮೋಟರ್ ಮುಂದ ಕುಂತ್ರ ಜಗತ್ತ ಮರೀತಿದ್ರು. ವಾರದಾಗ ನಾಕ ದಿನಾ ಕತ್ತಲಾದ ಮ್ಯಾಲೆ ಬಂದು ಉಪಾಸ ಮಲಗತಿದ್ರು. ಹೇಳಿದ್ರ, ನಂದೇನ ಬಿಡು ಅಂತಿದ್ರು. ಒಂದಿನ ನಾ ಉಣ್ಣೂದ ಬಿಟ್ನಿ. ಮರುದಿನಾ ಹೊತ್ತ ಇರತನ ಬಂದ್ರು. ತಮ್ಮ ಹೊಟ್ಟಿ ಸಲುವಾಗಿ ಬರಾವ್ರಲ್ಲ ಇವರು. ನನ್ನ ಹೊಟ್ಟಿ ಸಲುವಾಗಿ ಬರತಾರ."

ತಾತ್ಯಾ ಕಂಬದ ಪಕ್ಕ ನಿಂತಿದ್ದರು. ಮೂವತ್ತೆಂಟು ವರ್ಷದಲ್ಲಿ ಇದು ಅವರಿಗೂ ಗೊತ್ತಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡರು. ವೈನಿ ಎರಡೂ ತಾಟಿನ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು. "ನೀವರ ಉಣ್ರಿ" ಎಂದರು. ಆ ಗಂಟನ್ನು ಬಿಚ್ಚದೆಯೇ ಮನೆಗೆ ತಂದೆ.

ಮರುದಿನ ಹನ್ನೊಂದರ ಬಸ್ಸಿಗೆ ವೈನಿಯೇ ಕಾಗವಾಡಕ್ಕೆ ಬಂದಿಳಿದರು. "ಆ ಉಲ್ಟಾ ಗಾಡಿ ತೋರಸ್ರಿ" ಎಂದರು. ಸೈಕಲ್ ತಲೆಕೆಳಗಾಗಿ ನಿಂತಿತ್ತು. ತಾತ್ಯಾ ಹಿಡಿಕೆ ತಿರುವಿದರು, ಗಾಲಿ ಬಾಣದ ಕಡೆಗೆ ತಿರುಗಿತು.

"ನೋಡು, ಬಾಣದ ಕಡೆಗೇ ತಿರಗಾಕತ್ತೈತಿ. ಕೆಳಗ ಇಟ್ರ ಹಿಂದ ಹೊಕ್ಕೈತಿ. ನನಗ ತಿಳೀದಂಗ ಆಗೇತಿ."

ವೈನಿ ಸೆರಗು ಬಿಗಿದುಕೊಂಡು ಸುತ್ತು ಹಾಕಿ ನೋಡಿದರು. ಆಮೇಲೆ ಮೇಲಿನ ಅಂಚಿಗೆ ಬೆರಳು ತೋರಿಸಿದರು. "ಬಾಣ ಬರಿಯೂಮುಂದ ಸೈಕಲ್ ಹಿಂಗ ತಲಿಕೆಳಗ ಇತ್ತೇನ್ರಿ?"

"ಹೌದು."

"ಮತ್ತ ನೆಲಕ್ಕ ಹತ್ತೂದು ಈ ಮ್ಯಾಲಿನ ಕಡೀನ ಅಲ್ಲೇನು? ನಡಿಯೂಮುಂದ ನಮ್ಮ ಕಾಲು ನೆಲಾನ ಹಿಂದಕ್ಕ ಒತ್ತತಾವು, ಅದಕ್ಕ ನಾವು ಮುಂದ ಹೊಕ್ಕೀವಿ. ನೀವು ಇದನ್ನ ಮುಂದಕ್ಕ ಒತ್ತಾಕ ಹಚ್ಚೀರಿ. ಪಾಪ, ಅದು ಹಿಂದ ಹೋಗದ ಏನ ಮಾಡತೈತಿ?"

ತಾತ್ಯಾ ಗಾಲಿ ನೋಡಿದರು, ನೆಲ ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. ಪಂಪಿನ ಮೋಟರನ್ನು ಯಾರೂ ತಲೆಕೆಳಗು ಮಾಡಿ ಇಡುವುದಿಲ್ಲ. ನಲವತ್ತು ವರ್ಷದ ರೂಢಿಯಲ್ಲಿ ಅವರು ಬಾಣವನ್ನು ನಂಬಿದರು, ಸೈಕಲ್ ಹೇಗೆ ನಿಂತಿದೆ ಎಂದು ನೋಡಲೇ ಇಲ್ಲ. ಖೋಕಾದಿಂದ ಬಂದ ಹಾಗೇ ಗಾಲಿ ಸರಿಯಾಗಿತ್ತು. ನಾಲ್ಕು ದಿನ ಕಷ್ಟಪಟ್ಟು ಅವರು ಅದನ್ನು ಕೆಡಿಸಿದ್ದರು.

"ಬಾಣ ತಪ್ಪೈತೋ ಮಾದೇವ" ಎಂದರು. ಆಮೇಲೆ ಶುರುವಾಯಿತು ನೋಡಿ ಅವರ ನಗು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ತಂತಿಗಳನ್ನೆಲ್ಲ ಮೊದಲಿನಂತೆ ಬಣ್ಣಕ್ಕೆ ಬಣ್ಣ ಜೋಡಿಸಲು ಅರ್ಧ ತಾಸೂ ಹಿಡಿಯಲಿಲ್ಲ. ಈ ಸಲ ನೆಟ್ಟಗೆ ನಿಲ್ಲಿಸಿಯೇ ನೋಡಿದರು. ತಾತ್ಯಾ ರಸ್ತೆಯಲ್ಲಿ ಬಸ್ ನಿಲ್ದಾಣದ ತನಕ ಹೋಗಿ ಬಂದರು, ಕಾಲು ಪೆಡಲ್ಲಿನ ಮೇಲೆ ಸುಮ್ಮನೆ ಕೂತಿದ್ದವು. ವೈನಿ ಬಾಗಿಲಲ್ಲಿ ನಿಂತು ಅದನ್ನು ಕಣ್ಣು ತುಂಬ ನೋಡಿದರು. ನಾಲ್ಕು ಗಂಟೆಯ ಬಸ್ಸಿಗೆ ಅವರು ಹೊರಟರು. ತಾತ್ಯಾ ಮುರಗೆಪ್ಪನ ಮೋಟರ್ ಮುಗಿಸಿ, ಐದೂ ಹತ್ತಕ್ಕೆ ಸೈಕಲ್ ಹತ್ತಿದರು.

ನನಗೆ ಸಮಾಧಾನವಿಲ್ಲ. ದಾರಿಯಲ್ಲಿ ಎಲ್ಲಿ ನಿಂತಿತೋ, ಯಾವ ಟ್ರಾಲಿ ಅಡ್ಡ ಬಂತೋ. ಐದೂ ಮುಕ್ಕಾಲಿಗೆ ಫೋನ್ ಮಾಡಿದೆ. ವೈನಿ ಎತ್ತಿದರು.

"ಬಂದ್ರೇನ್ರಿ ವೈನಿ?"

"ಹೌದ್ರಿ, ಆಗಳೇ ಬಂದ್ರು. ಹಿತ್ತಲದಾಗ ಕೈಕಾಲ ತೊಳಿಯಾಕತ್ತಾರ. ತಾಟ ಹಚ್ಚಾಕತ್ತೇನಿ."

"ಭೇಷ್ ಆತು. ನೀವೂ ಅವರ ಜೋಡಿ ಹೊಟ್ಟಿತುಂಬ ಉಂಡಬಿಡ್ರಿ."

ವೈನಿ ದನಿ ತಗ್ಗಿಸಿದರು. "ನಂದ ಐದಕ್ಕೇ ಆತ್ರಿ ಮಾದೇವಣ್ಣ. ಗುಳಿಗಿ ತಗೊಂಡು, ಎರಡ ರೊಟ್ಟಿ ಉಂಡ್ನಿ. ಗಾಲಿ ಮುಂದ ಹೋಗೂದ ಕಣ್ಣಾರೆ ನೋಡೇನಲ್ಲ, ಇನ್ನ ಯಾತರ ಹೆದರಿಕಿ? ಈಗ ಅವರ ಮುಂದ ಒಂದ ಚೂರ ಮುರಕೊಂಡು ಕುಂದ್ರತೀನಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ. ಆಕೀದ ಊಟ ಆಗೇತಿ ಅಂತ ತಿಳದ್ರ, ನಾಳಿಂದ ಮತ್ತ ಮೋಟರ್ ಮುಂದ ಕುಂತಬಿಡತಾರ" ಎಂದರು.

ಇದು ನಡೆದು ಈಗ ಎರಡು ತಿಂಗಳಾಯಿತು. ವೈನಿಗೆ ತಲೆಸುತ್ತು ಬಂದಿಲ್ಲ, ಡಾಕ್ಟರು ಖುಷಿಯಾಗಿದ್ದಾರೆ. ಸೈಕಲ್ಲಿನ ಗಾಲಿಯ ಮೇಲೆ ಆ ತಪ್ಪು ಬಾಣ ಹಾಗೇ ಇದೆ. ಅಳಿಸಿಬಿಡಿ ಎಂದರೆ ತಾತ್ಯಾ, "ಇರಲಿ ಬಿಡೋ" ಎನ್ನುತ್ತಾರೆ. ಸಂಜೆ ಐದೂ ಹತ್ತಾದರೆ ಎಂಥ ರೈತ ಬಂದು ಕೈಮುಗಿದರೂ ಅವರು ನಿಲ್ಲುವುದಿಲ್ಲ. ಶಟರ್ ಎಳೆದು, ಟೋಪಿ ಸರಿಮಾಡಿಕೊಂಡು, ನನ್ನ ಗಿರಣಿಯ ಮುಂದೆ ಒಂದು ಗಳಿಗೆ ಕಾಲೂರುತ್ತಾರೆ.

"ಬರತೀನೋ ಮಾದೇವ. ತಡಾ ಮಾಡಿದ್ರ ನಡ್ಯಂಗಿಲ್ಲ. ನನ್ನ ಸಲುವಾಗಿ ಆಕಿ ಉಪಾಸ ಕುಂತಿರತಾಳ."

ನಾನು ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ ಹೇಳುತ್ತೇನೆ:

"ಹೌದ್ರಿ ತಾತ್ಯಾ, ಲಗೂನ ಹೋಗ್ರಿ."